ಶಾಕ್ ಕೊಳ್ಳುವ ಮೊದಲು ಟೇಪು ಹಿಡಿಯಿರಿ

ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. ಅದಕ್ಕೆ ಮುಂಚೆ ಬಿದ್ದದ್ದು 1933ರಲ್ಲಿ. 89 ವರ್ಷ ಕಾದ ನೀರನ್ನು ನೋಡಲು ಜನ ಅಣೆಕಟ್ಟೆ ಇರುವ ಮಾರಿಕಣಿವೆಗೆ ನುಗ್ಗಿ ಬಂದರು. 2025ರ ಜನವರಿಯಲ್ಲಿ ಕೆರೆ ಮತ್ತೆ ತುಂಬಿ ಹರಿಯಿತು. ಆಮೇಲಿಂದ ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರು, ತುಮಕೂರು, ದಾವಣಗೆರೆ ಕಡೆಯ ಕ್ರೂಸರ್ ಬೈಕುಗಳು ಹಿರಿಯೂರು ದಾಟಿ ಕಣಿವೆ ಕಡೆಗೆ ತಿರುಗುತ್ತವೆ. ಹೆದ್ದಾರಿಯಲ್ಲಿ ಹಾಯಾಗಿ ಬಂದ ಸವಾರರು ಹಳ್ಳಿ ರಸ್ತೆಯ ಹಂಪ್ಸ್ ಹತ್ತಿ ಇಳಿದಾದ ಮೇಲೆ ಗ್ಯಾರೇಜಿನ ಮುಂದೆ ನಿಂತು ಸೊಂಟ ಹಿಡಿದುಕೊಂಡು ಕೇಳುವುದು ಒಂದೇ ಪ್ರಶ್ನೆ: ಹಿಂದಿನ ಶಾಕ್ ಬದಲಿಸಿದರೆ ಸರಿ ಹೋಗುತ್ತದಾ?

ನಮ್ಮ ಕಡೆಯವರಿಗೆ ಕ್ರೂಸರ್ ಹೊಸದಲ್ಲ. 2001ರಲ್ಲಿ ಬಜಾಜ್ ಎಲಿಮಿನೇಟರ್ ಬಂತು. ಮರುವರ್ಷ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್, 2005ರಲ್ಲಿ ಅವೆಂಜರ್, 2020ರಲ್ಲಿ ಮೀಟಿಯರ್ 350. ಹೊಸದುರ್ಗದ ತೆಂಗಿನ ತೋಟದವರು, ಹೊಳಲ್ಕೆರೆಯ ಮೇಷ್ಟ್ರು, ಚಿತ್ರದುರ್ಗದ ವಕೀಲರು ಇವನ್ನು ವಾರಕ್ಕೊಮ್ಮೆ ತೊಳೆದು ನಿಲ್ಲಿಸುವ ಆಟದ ಗಾಡಿ ಮಾಡಿಕೊಂಡಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಣಿವೆ ಮಾರಮ್ಮನ ಗುಡಿಗೂ ನಾಯಕನಹಟ್ಟಿ ಜಾತ್ರೆಗೂ ಇದರಲ್ಲೇ ಹೋಗುತ್ತಾರೆ. ಈ ಗಾಡಿಗಳ ಹಿಂದಿನ ಶಾಕ್ ಬಿಚ್ಚಿ, ಕಟ್ಟಿ, ಓಡಿಸಿ ನೋಡಿ ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಕ್ರೂಸರ್‌ನಲ್ಲಿ ಕಾಲು ಸಹಾಯಕ್ಕೆ ಬರುವುದಿಲ್ಲ

ಬೇರೆ ಬೈಕಿನಲ್ಲಿ ಗುಂಡಿ ಕಂಡರೆ ಸವಾರ ಫೂಟ್‌ರೆಸ್ಟ್ ಮೇಲೆ ಕಾಲೂರಿ ಸೀಟಿನಿಂದ ಸ್ವಲ್ಪ ಮೇಲೇಳುತ್ತಾನೆ. ಏಟನ್ನು ಮೊಣಕಾಲು ಹೀರಿಕೊಳ್ಳುತ್ತದೆ. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ, ಏಳಲು ಊರುಗೋಲಿಲ್ಲ. ಮೈಭಾರದ ಹೆಚ್ಚಿನ ಪಾಲು ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಬೆನ್ನುಮೂಳೆ ನೆಟ್ಟಗೆ ಸೀಟಿನ ಮೇಲೆ ನಿಂತಿರುತ್ತದೆ. ರಸ್ತೆಯ ಏಟಿಗೂ ಸೊಂಟಕ್ಕೂ ನಡುವೆ ಟೈರು, ಸೀಟಿನ ಸ್ಪಂಜು, ಶಾಕ್ ಬಿಟ್ಟರೆ ಇನ್ನೇನೂ ಇಲ್ಲ.

ಇದರ ಮೇಲೆ ಸೀಟು ತಗ್ಗಿನಲ್ಲಿರಬೇಕು ಎಂಬ ಹಟ ಬೇರೆ. ಮೀಟಿಯರ್ 350ರ ಸೀಟು ನೆಲದಿಂದ 765 ಮಿಲಿಮೀಟರ್, ಸೂಪರ್ ಮೀಟಿಯರ್ 650ರದು 740. ಸೀಟು ತಗ್ಗಿದಷ್ಟೂ ಗಾಲಿ ಮೇಲೆ ಕೆಳಗೆ ಓಡಾಡುವ ಜಾಗ ಕಡಿಮೆಯಾಗುತ್ತದೆ. ಸೂಪರ್ ಮೀಟಿಯರ್‌ನ ಹಿಂದಿನ ಗಾಲಿಗೆ ಇರುವ ಓಡಾಟ 101 ಮಿಲಿಮೀಟರ್. ಅದೇ ಕಂಪನಿಯ ಹಿಮಾಲಯನ್ 450ಕ್ಕೆ 200. ಅಂದರೆ ಹಿಮಾಲಯನ್‌ನ ಅರ್ಧ ಜಾಗದಲ್ಲಿ ಕ್ರೂಸರ್ ಅದೇ ಗುಂಡಿಯನ್ನು ನುಂಗಬೇಕು. ಎಷ್ಟು ದುಡ್ಡಿನ ಶಾಕ್ ಹಾಕಿದರೂ ಈ ಲೆಕ್ಕ ಬದಲಾಗದು. ಇರುವ 100 ಮಿಲಿಮೀಟರನ್ನು ಪೂರ್ತಿಯಾಗಿ, ಸರಿಯಾಗಿ ಬಳಸಿಕೊಳ್ಳುವ ಹಾಗೆ ಮಾಡಬಹುದು. ನಮ್ಮ ಕೈಲಿರುವುದು ಅಷ್ಟೇ, ಆದರೆ ಅದರಿಂದ ಆಗುವ ಸುಖ ಸಣ್ಣದಲ್ಲ.

2. ತಪ್ಪು ಶಾಕಿನದೇ ಎಂದು ಮೊದಲು ಖಚಿತವಾಗಲಿ

"ಅಣ್ಣ, ಶಾಕ್ ಸತ್ತೋಗೈತೆ" ಎಂದು ತಂದ ಗಾಡಿಗಳಲ್ಲಿ ಎಷ್ಟೋ ಗಾಡಿಗಳು ಹೊಸ ಶಾಕ್ ಇಲ್ಲದೆಯೇ ಸರಿಯಾಗಿ ವಾಪಸು ಹೋಗಿವೆ. ಮೊದಲು ನೋಡಬೇಕಾದದ್ದು ಟೈರಿನ ಗಾಳಿ. ಹಿಂದೆ ಇಬ್ಬರು ಕೂರುತ್ತಾರೆಂದು ಪಂಚರ್ ಅಂಗಡಿಯಲ್ಲಿ ಕಲ್ಲಿನ ಹಾಗೆ ಹೊಡೆಸಿರುತ್ತಾರೆ. ಕಂಪನಿ ಹೇಳಿದ ಗಾಳಿಗೆ ಇಳಿಸಿ, ತಣ್ಣಗಿರುವಾಗ ಅಳೆದು, ಆಮೇಲೆ ಓಡಿಸಿ ನೋಡಿ. ಎರಡನೆಯದು ಸ್ವಿಂಗ್ ಆರ್ಮ್ ಬುಷ್. ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಎಡಬಲಕ್ಕೆ ಅಲುಗಾಡಿಸಿದರೆ ಲಡಲಡ ಅನ್ನಬಾರದು. ಹಾಗೆ ಅಂದರೆ ಬುಷ್ ಸವೆದಿದೆ, ಇಲ್ಲವೇ ಗಾಲಿಯ ಬೇರಿಂಗ್ ಹೋಗಿದೆ. ಹೀಗಿರುವ ಗಾಡಿಗೆ ದುಬಾರಿ ಶಾಕ್ ಹಾಕಿದರೂ ತಿರುವಿನಲ್ಲಿ ಹಿಂಭಾಗ ಬಳುಕುವುದು ನಿಲ್ಲುವುದಿಲ್ಲ. ಮೂರನೆಯದು ಸೀಟಿನ ಸ್ಪಂಜು. ಹಳೆ ಅವೆಂಜರ್, ಥಂಡರ್‌ಬರ್ಡ್‌ಗಳಲ್ಲಿ ಸ್ಪಂಜು ಕೂತು ಕೂತು ಹಪ್ಪಳವಾಗಿರುತ್ತದೆ. ಸೀಟು ಕಟ್ಟುವವರ ಹತ್ತಿರ ಹೊಸ ಸ್ಪಂಜು ಹಾಕಿಸುವುದಕ್ಕೆ ಶಾಕ್ ಬೆಲೆಯಲ್ಲಿ ಸಣ್ಣ ಪಾಲೂ ಆಗುವುದಿಲ್ಲ.

ಇಷ್ಟು ನೋಡಿಯಾದ ಮೇಲೆ ಶಾಕ್ ಪರೀಕ್ಷೆ. ರಾಡಿನ ಸುತ್ತ ಎಣ್ಣೆ ಜಿನುಗಿದ್ದರೆ ಸೀಲ್ ಹೋಗಿದೆ, ಬೇರೆ ಮಾತಿಲ್ಲ. ಎಣ್ಣೆ ಕಾಣದಿದ್ದರೆ ಸೀಟಿನ ಹಿಂಭಾಗವನ್ನು ಜೋರಾಗಿ ಒತ್ತಿ ಬಿಡಿ. ಮೇಲೆದ್ದು ಒಮ್ಮೆ ನಿಂತರೆ ಎಣ್ಣೆ ಕೆಲಸ ಮಾಡುತ್ತಿದೆ. ಎರಡು ಮೂರು ಸಲ ಕುಣಿದರೆ ಒಳಗೆ ತಡೆಯುವುದು ಏನೂ ಉಳಿದಿಲ್ಲ, ಬರೀ ಸ್ಪ್ರಿಂಗ್ ಮೇಲೆ ಓಡುತ್ತಿದ್ದೀರಿ.

3. ಮೂರು ಅಳತೆ ತೆಗೆಯದೆ ಶಾಕ್ ಆರಿಸಬೇಡಿ

ಈ ಒಂದು ಪಾಠ ಮಾತ್ರ ನೆನಪಿದ್ದರೂ ಸಾಕು. ಬೇಕಾದದ್ದು ಒಂದು ಟೇಪು, ಒಂದು ಬಿಳಿ ಪೆನ್ಸಿಲು, ಗಾಡಿ ಹಿಡಿಯಲು ಒಬ್ಬರು, ಅಳೆಯಲು ಒಬ್ಬರು.

ಹಿಂದಿನ ಗಾಲಿಯ ಆಕ್ಸಲ್ ನಟ್ಟಿನಿಂದ ನೇರ ಮೇಲೆ, ಮಡ್‌ಗಾರ್ಡ್ ಮೇಲೋ ಸೀಟಿನ ಅಂಚಿನ ಮೇಲೋ ಒಂದು ಗುರುತು ಹಾಕಿ. ಮೊದಲ ಅಳತೆ ಗಾಲಿ ನೆಲ ಬಿಟ್ಟು ತೂಗುವಾಗ. ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿಗೆ ಕೆಳಗಿನಿಂದ ಜಾಕ್ ಕೊಡಬೇಕು. ಎರಡನೆಯ ಅಳತೆ ಗಾಡಿ ತನ್ನ ತೂಕದಲ್ಲೇ ನೆಟ್ಟಗೆ ನಿಂತಾಗ. ಮೂರನೆಯದು ಸವಾರ ಹೆಲ್ಮೆಟ್ಟು, ಜಾಕೆಟ್ಟು, ಬೂಟು ಎಲ್ಲ ಹಾಕಿಕೊಂಡು ಎರಡೂ ಕಾಲು ಫೂಟ್‌ರೆಸ್ಟ್ ಮೇಲಿಟ್ಟು ಕೂತಾಗ. ಶಾಕಿನೊಳಗೆ ಸ್ವಲ್ಪ ಹಿಡಿತ ಇರುತ್ತದೆ. ಆದ್ದರಿಂದ ಎರಡನೆಯ, ಮೂರನೆಯ ಅಳತೆಗಳನ್ನು ಒಮ್ಮೆ ಒತ್ತಿ ಬಿಟ್ಟು, ಒಮ್ಮೆ ಎತ್ತಿ ಬಿಟ್ಟು ತೆಗೆದುಕೊಂಡು ಎರಡರ ನಡುವಿನ ಅಂಕಿ ಹಿಡಿಯಿರಿ.

ಮೊದಲ ಅಳತೆಯಲ್ಲಿ ಮೂರನೆಯದನ್ನು ಕಳೆದರೆ ಬರುವುದು ಸವಾರನ ಭಾರಕ್ಕೆ ಗಾಡಿ ಕುಸಿಯುವ ಪ್ರಮಾಣ. ಇಂಗ್ಲಿಷಿನವರು ಸ್ಯಾಗ್ ಅನ್ನುತ್ತಾರೆ, ನಾವು ಗ್ಯಾರೇಜಿನಲ್ಲಿ ಕುಸಿತ ಅನ್ನುತ್ತೇವೆ. ಇದು ಒಟ್ಟು ಓಡಾಟದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. 100 ಮಿಲಿಮೀಟರ್ ಓಡಾಟದ ಗಾಡಿಗೆ 25ರಿಂದ 33. ಇದಕ್ಕಿಂತ ಕಡಿಮೆ ಕುಸಿದರೆ ಗಾಲಿ ಗುಂಡಿಯೊಳಗೆ ಇಳಿಯದೆ ಹಾರಿ ಹೋಗುತ್ತದೆ. ಹೆಚ್ಚು ಕುಸಿದರೆ ಹಂಪ್ಸ್ ಹತ್ತುವ ಹೊತ್ತಿಗೆ ಉಳಿದ ಜಾಗ ಮುಗಿದು ಶಾಕ್ ತಳಕ್ಕೆ ಬಡಿಯುತ್ತದೆ.

ಮೊದಲ ಅಳತೆಯಲ್ಲಿ ಎರಡನೆಯದನ್ನು ಕಳೆದರೆ ಬರುವುದು ಗಾಡಿಯ ಸ್ವಂತ ಕುಸಿತ. ಸುಮಾರು 10 ಮಿಲಿಮೀಟರ್ ಇದ್ದರೆ ಚೆನ್ನ. ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಸವಾರನ ಕುಸಿತವನ್ನು 30ಕ್ಕೆ ತಂದ ಮೇಲೂ ಗಾಡಿ ತನ್ನ ತೂಕಕ್ಕೆ ಒಂಚೂರೂ ಕುಸಿಯದೆ ಹಾಗೇ ಸೆಟೆದು ನಿಂತಿದ್ದರೆ ನಿಮ್ಮ ಸ್ಪ್ರಿಂಗ್ ಮೆತ್ತಗಿದೆ. ಬಹಳ ಜನ ಇದಕ್ಕೆ ತಿರುಗಾಮುರುಗಾ ಅರ್ಥ ಮಾಡುತ್ತಾರೆ, ಸ್ಪ್ರಿಂಗ್ ಗಟ್ಟಿ ಅಂದುಕೊಂಡು ಇನ್ನೂ ಮೆತ್ತನೆಯದನ್ನು ತರುತ್ತಾರೆ. ಮೆತ್ತನೆಯ ಸ್ಪ್ರಿಂಗನ್ನು ಮೊದಲೇ ಬಹಳ ಅದುಮಿ ಇಟ್ಟಿರುವುದರಿಂದ ಅದು ಖಾಲಿ ಗಾಡಿಗೆ ಬಾಗುವುದಿಲ್ಲ, ಆದರೆ ದೊಡ್ಡ ಏಟಿಗೆ ಪೂರ್ತಿ ಸೋತುಬಿಡುತ್ತದೆ.

4. ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ

ಶಾಕಿನ ಮೇಲಿನ ಮೆಟ್ಟಿಲು ಮೆಟ್ಟಿಲಾದ ಕಾಲರನ್ನು ಕೊಕ್ಕೆ ಸ್ಪ್ಯಾನರಿನಿಂದ ತಿರುಗಿಸಿದರೆ "ಟೈಟ್ ಆಯ್ತು" ಅನ್ನುತ್ತೇವೆ. ಮೀಟಿಯರ್ 350ರಲ್ಲಿ ಆರು ಹಂತ ಇವೆ. ಮೇಲಿನ ಹಂತಕ್ಕೆ ಹೋದಂತೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ಅಷ್ಟೇ. ಒಂದು ಮಿಲಿಮೀಟರ್ ಕುಗ್ಗಿಸಲು ಇಷ್ಟು ಕಿಲೋ ಬೇಕು ಎಂಬ ಸ್ಪ್ರಿಂಗಿನ ಗುಣ ಆರನೇ ಹಂತದಲ್ಲೂ ಒಂದನೇ ಹಂತದಲ್ಲಿದ್ದಷ್ಟೇ. ಆ ಗುಣವನ್ನು ನಿರ್ಧರಿಸುವುದು ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುರುಳಿಗಳ ಸಂಖ್ಯೆ. ಕಾಲರ್ ಸವಾರನ ತೂಕಕ್ಕೆ ಗಾಡಿಯ ಎತ್ತರ ಹೊಂದಿಸುವ ಸಾಧನ. ಹಂಪ್ಸ್ ಮೇಲೆ ಸೊಂಟಕ್ಕೆ ಏಟು ಬೀಳುತ್ತದೆಂದು ಕಾಲರ್ ಇಳಿಸಿಬಿಟ್ಟರೆ ಗಾಡಿ ಇನ್ನಷ್ಟು ಕುಸಿದು ತಳ ಬಡಿಯುತ್ತದೆ, ಏಟು ಜಾಸ್ತಿಯಾಗುತ್ತದೆ. ಎರಡೂ ಬದಿ ಒಂದೇ ಹಂತದಲ್ಲಿರಬೇಕು ಎಂಬುದನ್ನು ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ. ಆದರೂ ಹೇಳುತ್ತೇನೆ, ಏಕೆಂದರೆ ಎಡಕ್ಕೆ ಮೂರು, ಬಲಕ್ಕೆ ಐದು ಇಟ್ಟುಕೊಂಡು ಓಡುವ ಗಾಡಿಗಳು ಇವತ್ತಿಗೂ ಬರುತ್ತವೆ.

ಸ್ಪ್ರಿಂಗಿನ ಒಂದು ತುದಿಯಲ್ಲಿ ಸುರುಳಿ ಹತ್ತಿರ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ ದೂರ ಇರುವುದನ್ನು ನೋಡಿರುತ್ತೀರಿ. ಹತ್ತಿರದ ಸುರುಳಿಗಳು ಮೊದಲು ಒಂದಕ್ಕೊಂದು ಅಂಟಿ ಕೆಲಸ ನಿಲ್ಲಿಸುತ್ತವೆ, ಆಮೇಲೆ ಉಳಿದವು ಗಟ್ಟಿಯಾಗಿ ನಿಲ್ಲುತ್ತವೆ. ಒಬ್ಬರೇ ಓಡಿಸುವಾಗ ಮೆತ್ತಗೆ, ಇಬ್ಬರು ಕೂತಾಗ ಗಟ್ಟಿ. ನಮ್ಮ ಕಡೆಯ ಬಳಕೆಗೆ ಇಂಥ ಸ್ಪ್ರಿಂಗೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹತ್ತಿರದ ಸುರುಳಿ ಮೇಲಿರಬೇಕೋ ಕೆಳಗಿರಬೇಕೋ ಎಂದು ಜಗಳವಾಡುವವರಿದ್ದಾರೆ. ಸ್ಪ್ರಿಂಗಿನ ಗಟ್ಟಿತನಕ್ಕೆ ಅದರಿಂದ ವ್ಯತ್ಯಾಸವಿಲ್ಲ.

5. ಲೆಕ್ಕ ಹಾಕಬೇಕಾದದ್ದು ಹಿಂದೆ ಕೂರುವವರ ತೂಕಕ್ಕೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. 190 ಕಿಲೋ ತೂಕದ ಕ್ರೂಸರ್. ಅದರಲ್ಲಿ ಹಿಂದಿನ ಸ್ಪ್ರಿಂಗುಗಳು ಹೊರುವುದು 75 ಕಿಲೋ ಎಂದಿಟ್ಟುಕೊಳ್ಳಿ. 75 ಕಿಲೋ ತೂಗುವ ಸವಾರ ಕೂತರೆ ಅವರ ಭಾರದಲ್ಲಿ ಸುಮಾರು 50 ಕಿಲೋ ಹಿಂದಕ್ಕೆ ಬೀಳುತ್ತದೆ. ಒಟ್ಟು 125. ಈಗ ಮನೆಯವರು ಹಿಂದೆ ಕೂತು ತೊಡೆಯ ಮೇಲೊಂದು ಚೀಲ ಇಟ್ಟುಕೊಂಡರೆ ಆ 70 ಕಿಲೋ ಹೆಚ್ಚು ಕಡಿಮೆ ಪೂರ್ತಿಯಾಗಿ ಹಿಂದಿನ ಶಾಕ್ ಮೇಲೆಯೇ. 125 ಇದ್ದದ್ದು 195 ಆಯಿತು.

ಗಾಲಿಯ ಹತ್ತಿರ ಅಳೆದಾಗ ಆ ಸ್ಪ್ರಿಂಗುಗಳು ಮಿಲಿಮೀಟರಿಗೆ 3 ಕಿಲೋ ತಡೆಯುತ್ತವೆ ಎನ್ನೋಣ. ಒಬ್ಬರೇ ಇದ್ದಾಗ ಕುಸಿತ 30ಕ್ಕೆ ಹೊಂದಿಸಿದ್ದರೆ, ಹಿಂದೆ 70 ಕಿಲೋ ಕೂತ ಕೂಡಲೇ ಇನ್ನೂ 23 ಮಿಲಿಮೀಟರ್ ಹೋಯಿತು. 100ರಲ್ಲಿ 53 ನಿಂತಲ್ಲೇ ಮುಗಿಯಿತು. ಉಳಿದ 47ರಲ್ಲಿ ಹೊಸದುರ್ಗದ ದಾರಿ ಕಳೆಯಬೇಕು. ಅದಿರು ಲಾರಿಗಳು ಓಡಿ ಓಡಿ ಕುಳಿ ಬಿದ್ದ ಭೀಮಸಮುದ್ರದ ಕಡೆಯ ರಸ್ತೆಯಾದರಂತೂ ಆ 47 ಯಾವ ಮೂಲೆಗೂ ಸಾಲದು. ಯಜಮಾನರಿಗೆ ಆರಾಮಾಗಿರುವ ಅದೇ ಗಾಡಿ ಹಿಂದೆ ಕೂತ ಹೆಣ್ಣುಮಕ್ಕಳಿಗೆ ಶಿಕ್ಷೆಯಾಗುವುದು ಹೀಗೆ. ಅವರು ಕೂರುವ ಜಾಗವೋ ಆಕ್ಸಲ್ ನೆತ್ತಿಯ ಮೇಲೆ, ಒರಗಲು ಏನೂ ಇಲ್ಲ, ಗುಂಡಿ ಬರುವುದು ಕಣ್ಣಿಗೆ ಕಾಣುವುದೂ ಇಲ್ಲ. ಶಾಕ್ ಬದಲಿಸಲು ಬಂದವರನ್ನು ನಾನು ಮೊದಲು ಕೇಳುವುದು, "ಹಿಂದೆ ಯಾರು ಕೂರ್ತಾರೆ, ವಾರದಲ್ಲಿ ಎಷ್ಟು ದಿನ?" ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಬರಲು ಹೇಳುತ್ತೇನೆ. ನೋವು ಎಲ್ಲಿ, ಎಂಥ ಏಟಿಗೆ ಎಂದು ಅವರೇ ಬಾಯಿಬಿಟ್ಟು ಹೇಳಿದರೆ ನಮ್ಮ ಅರ್ಧ ಕೆಲಸ ಮುಗಿದಂತೆ.

ಸ್ಪ್ರಿಂಗಿನ ಮೇಲೆ ಬರೆದಿರುವ ಅಂಕಿಯನ್ನೇ ಗಾಲಿಯ ಲೆಕ್ಕಕ್ಕೆ ಹಿಡಿಯಬಾರದು. ಕ್ರೂಸರ್‌ನಲ್ಲಿ ಶಾಕ್ ಮುಂದಕ್ಕೆ ಮಲಗಿದ ಹಾಗೆ ವಾಲಿರುತ್ತದೆ. ಗಾಲಿ 100 ಮಿಲಿಮೀಟರ್ ಮೇಲೇರಿದರೆ ಶಾಕ್ 80 ಮಾತ್ರ ಕುಗ್ಗಬಹುದು. ಆಗ ಸ್ಪ್ರಿಂಗಿನ ಬಲ ಗಾಲಿಯ ಹತ್ತಿರ 0.8ನ್ನು 0.8ರಿಂದ ಗುಣಿಸಿದಷ್ಟು, ಅಂದರೆ ನೂರಕ್ಕೆ 64 ಪಾಲಿಗೆ ಇಳಿಯುತ್ತದೆ. ನೋಟ ಚೆನ್ನಾಗಿರಲಿ ಎಂದು ಶಾಕನ್ನು ಇನ್ನಷ್ಟು ವಾಲಿಸಿ ಕಟ್ಟುವವರು ಈ 64ನ್ನೂ ಕಳೆದುಕೊಳ್ಳುತ್ತಾರೆ.

ಹೊಸ ಶಾಕ್ ತರಿಸುವಾಗ ಗಾಡಿಯ ಹೆಸರಿನ ಜತೆಗೆ ಸವಾರರ ತೂಕ, ಹಿಂದೆ ಕೂರುವವರ ತೂಕ, ಸಾಮಾನಿನ ತೂಕ ಮೂರನ್ನೂ ಬರೆದು ಕಳಿಸಿ. ಥಾಯ್ಲೆಂಡಿನ ವೈಎಸ್‌ಎಸ್, ಸ್ವೀಡನ್ನಿನ ಓಲಿನ್ಸ್‌ನಂಥ ಕಂಪನಿಗಳು ಬೇರೆ ಬೇರೆ ಗಟ್ಟಿತನದ ಸ್ಪ್ರಿಂಗ್ ಮಾಡುತ್ತವೆ. ಯಾವುದು ನಮಗೆ ಎಂದು ಆರಿಸಲು ಅವರಿಗೆ ಈ ಅಂಕಿ ಬೇಕು. ತೂಕವನ್ನೇ ಕೇಳದೆ ಡಬ್ಬಿ ಕೈಗಿಡುವ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ.

6. ದುಡ್ಡು ಕೊಡುವುದು ಎಣ್ಣೆಗೆ

ರಾಯಲ್ ಎನ್‌ಫೀಲ್ಡ್ 1949ರಲ್ಲಿ ಹೊಸ ಬುಲೆಟ್ ತಂದಾಗ ಅದರ ಹಿಂದೆ ಸ್ವಿಂಗ್ ಆರ್ಮ್ ಇತ್ತು, ಎಣ್ಣೆ ತುಂಬಿದ ಶಾಕ್ ಇತ್ತು. ಆ ಕಾಲದ ಹಲವು ಗಾಡಿಗಳ ಹಿಂದಿನ ಗಾಲಿ ಚಾಸಿಗೇ ನೇರ ಬಿಗಿದಿರುತ್ತಿತ್ತು. ಸೀಟಿನ ಕೆಳಗಿನ ಸ್ಪ್ರಿಂಗೇ ಗತಿ. ಸ್ಪ್ರಿಂಗ್ ಏಟನ್ನು ತಗೊಂಡು ಹಾಗೆಯೇ ವಾಪಸು ಕೊಡುತ್ತದೆ. ಎಣ್ಣೆ ಅದನ್ನು ನುಂಗಿ ಬಿಸಿಯಾಗಿಸಿ ಗಾಳಿಗೆ ಬಿಡುತ್ತದೆ. ಒಳಗೆ ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಎಣ್ಣೆ ನುಸುಳಬೇಕು. ಆ ತೂತುಗಳನ್ನೂ ಅವುಗಳ ಮೇಲಿನ ತೆಳು ತಗಡಿನ ಬಿಲ್ಲೆಗಳನ್ನೂ ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂಬುದರಲ್ಲೇ ಅಗ್ಗದ ಶಾಕಿಗೂ ಒಳ್ಳೆಯ ಶಾಕಿಗೂ ವ್ಯತ್ಯಾಸ. ಹೊರಗಿನ ಕ್ರೋಮು, ಬಣ್ಣ ನೋಡಿ ಇದು ತಿಳಿಯುವುದಿಲ್ಲ.

ಕುಗ್ಗುವಾಗ ತಡೆಯುವುದು ಒಂದು, ಹಿಗ್ಗುವಾಗ ತಡೆಯುವುದು ಇನ್ನೊಂದು. ಹಂಪ್ಸ್ ಇಳಿದ ಮೇಲೆ ಸೀಟು ಮೇಲಕ್ಕೆ ಒದ್ದು ಎಸೆದರೆ ಹಿಗ್ಗುವ ತಡೆ ಸಾಲದು. ಸಾಲಾಗಿ ಬರುವ ಸಣ್ಣ ಅಲೆಗಳ ಮೇಲೆ ಹೋದಂತೆ ಗಾಡಿಯ ಹಿಂಭಾಗ ಕುಗ್ಗುತ್ತಾ ಹೋಗಿ ಕೊನೆಗೆ ಕಲ್ಲಾಗಿಬಿಟ್ಟರೆ ಹಿಗ್ಗುವ ತಡೆ ಹೆಚ್ಚಾಗಿದೆ. ಒಂದು ಏಟಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದಿರುತ್ತದೆ. ಕಣಿವೆಯ ತಿರುವುಗಳಲ್ಲಿ ವಾಲಿದಾಗ ಹಿಂಭಾಗ ತೂಗಾಡಿದರೂ ಮೊದಲು ನೋಡಬೇಕಾದದ್ದು ಹಿಗ್ಗುವ ತಡೆಯನ್ನೇ. ಚೂಪು ಅಂಚಿನ ಗುಂಡಿಗೆ ಮಾತ್ರ ಸುತ್ತಿಗೆ ಏಟಿನಂತೆ ಬಡಿದು ಉಬ್ಬುತಗ್ಗಿಗೆ ಸುಮ್ಮನಿದ್ದರೆ, ಕುಗ್ಗುವ ದಾರಿಯಲ್ಲಿ ಎಣ್ಣೆಗೆ ತೂತು ಚಿಕ್ಕದಾಗಿದೆ. ಇಲ್ಲಿ ಸ್ಪ್ರಿಂಗ್ ಬದಲಿಸಿ ಪ್ರಯೋಜನವಿಲ್ಲ.

ಹಂಪ್ಸ್ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಎಂಬ ಮಾರ್ಗಸೂಚಿಯ ಪ್ರಕಾರ ಗುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನೆಮ್ಮದಿಯಾಗಿ ದಾಟುವ ಅಳತೆ ಅದು. ಹಳ್ಳಿಯ ಶಾಲೆ ಮುಂದೆ, ಗುಡಿ ಮುಂದೆ ಊರವರೇ ಹಾಕಿಸಿಕೊಂಡ ಹಂಪ್ಸ್ ಎಷ್ಟೋ ಕಡೆ ಅರ್ಧ ಮೀಟರ್ ಅಗಲಕ್ಕೇ ಅದೇ 10 ಸೆಂಟಿಮೀಟರ್ ಎತ್ತರ ಏರುತ್ತವೆ. ಮಕ್ಕಳ ಜೀವದ ಭಯಕ್ಕೆ ಹಾಕಿಸಿದ್ದು, ಊರವರ ಮೇಲೆ ಸಿಟ್ಟಾಗುವಂತಿಲ್ಲ. ಆದರೆ ಇಂಥದ್ದನ್ನು 100 ಮಿಲಿಮೀಟರ್ ಓಡಾಟದ ಯಾವ ಶಾಕೂ ವೇಗದಲ್ಲಿ ನುಂಗಲಾರದು. ನಡಿಗೆಯ ವೇಗಕ್ಕೆ ಇಳಿಸುವುದೇ ದಾರಿ. ಹೊಸ ಶಾಕ್ ಹಾಕಿಸಿಕೊಂಡವರು ಆ ಹುಮ್ಮಸ್ಸಿನಲ್ಲಿ ಇದನ್ನು ಮರೆಯಬಾರದು.

7. ಗ್ಯಾಸ್ ಡಬ್ಬಿ ಎಲ್ಲರಿಗೂ ಬೇಡ

ಸಾಮಾನ್ಯ ಶಾಕಿನಲ್ಲಿ ಎಣ್ಣೆ ಮತ್ತು ಗ್ಯಾಸು ಒಂದೇ ಕೊಳವೆಯಲ್ಲಿರುತ್ತವೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿದರೆ ಎರಡೂ ಬೆರೆತು ನೊರೆಯಾಗುತ್ತದೆ. ನೊರೆ ತೂತಿನಲ್ಲಿ ಸಲೀಸಾಗಿ ನುಗ್ಗುವುದರಿಂದ ತಡೆ ಕುಗ್ಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಇಬ್ಬರು ಕೂತು ಚಳ್ಳಕೆರೆ ಕಡೆಯಿಂದ ಬಂದ ಗಾಡಿಯ ಶಾಕನ್ನು ಮುಟ್ಟಿ ನೋಡಿದರೆ ಕೈ ಚುರ್ ಅನ್ನುತ್ತದೆ. ಪಕ್ಕದಲ್ಲಿ ಪುಟ್ಟ ಡಬ್ಬಿ ಅಂಟಿಕೊಂಡ ಶಾಕಿನಲ್ಲಿ ನೈಟ್ರೋಜನ್ ಬೇರೆ, ಎಣ್ಣೆ ಬೇರೆ. ನಡುವೆ ಒಂದು ತೇಲುವ ಪಿಸ್ಟನ್ನೋ ರಬ್ಬರಿನ ಚೀಲವೋ ಇರುತ್ತದೆ. ನೊರೆಯಾಗುವುದಿಲ್ಲ, ಎಣ್ಣೆಯೂ ಹೆಚ್ಚು ಹಿಡಿಯುತ್ತದೆ.

ವರ್ಷಕ್ಕೆ ಎರಡು ಮೂರು ಸಲ ದೂರದ ಪ್ರಯಾಣ ಹೋಗುವವರಿಗೆ, ಯಾವಾಗಲೂ ಇಬ್ಬರು ಕೂರುವವರಿಗೆ ಆ ದುಡ್ಡು ಸಾರ್ಥಕ. ಹಿರಿಯೂರು ಪೇಟೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಓಡಾಡುವವರಿಗೆ ಕಂಪನಿಯ ಹೊಸ ಜೊತೆ ಶಾಕೇ ಸಾಕು. ಮುಪ್ಪಾದ ಶಾಕ್ ಇಟ್ಟುಕೊಂಡು ಓಡಿಸಿದವರಿಗೆ ಕಂಪನಿಯ ಹೊಸದೇ ದೊಡ್ಡ ಬಡ್ತಿ. ಬರೀ ನೋಟಕ್ಕೆ ಡಬ್ಬಿ ಅಂಟಿಸಿ, ಒಳಗೆ ಏನೂ ಇಲ್ಲದೆ ಮಾರುವ ಮಾಲೂ ಮಾರುಕಟ್ಟೆಯಲ್ಲಿದೆ. ಬಿಚ್ಚಿ ಸೀಲ್, ಎಣ್ಣೆ ಬದಲಿಸಬಹುದಾದ ಶಾಕೇ ಎಂದು ಕೇಳಿ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದೂ ಕೇಳಿ. ನಮ್ಮ ಧೂಳಿನ ಸೀಮೆಯಲ್ಲಿ ಈ ಎರಡು ಪ್ರಶ್ನೆಗೆ ಉತ್ತರ ಇರುವ ಶಾಕ್ ಸ್ವಲ್ಪ ದುಬಾರಿಯಾದರೂ ಕೊನೆಗೆ ಅಗ್ಗವಾಗುತ್ತದೆ.

8. ಉದ್ದದಲ್ಲಿ ಆಟ ಬೇಡ

ಶಾಕಿನ ಉದ್ದ ಎಂದರೆ ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗೆ. ಹಳೆಯದರಷ್ಟೇ ಉದ್ದದ್ದು ಹಾಕಿ. 10 ಮಿಲಿಮೀಟರ್ ಉದ್ದ ಹೆಚ್ಚಾದರೆ, ಗಾಲಿ 100 ಏರಿದರೆ ಶಾಕ್ 80 ಕುಗ್ಗುವ ಮೇಲಿನ ಲೆಕ್ಕದಂತೆ ಗಾಡಿಯ ಹಿಂಭಾಗ ಸುಮಾರು 12 ಮಿಲಿಮೀಟರ್ ಏಳುತ್ತದೆ. ಮೀಟಿಯರ್‌ನ ಎರಡು ಗಾಲಿಗಳ ನಡುವಿನ ಅಂತರ 1400 ಮಿಲಿಮೀಟರ್, ಆದ್ದರಿಂದ ಮುಂದಿನ ಫೋರ್ಕು ಸುಮಾರು ಅರ್ಧ ಡಿಗ್ರಿ ನೆಟ್ಟಗಾಗುತ್ತದೆ. ಹ್ಯಾಂಡಲ್ ಹಗುರಾಗುತ್ತದೆ, ಹೆದ್ದಾರಿಯಲ್ಲಿ ನೇರ ಹೋಗುವ ಹಿಡಿತ ಸ್ವಲ್ಪ ಹೋಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ಹೆಚ್ಚು ವಾಲುತ್ತದೆ, ಚೈನಿನ ಬಿಗಿ ಬದಲಾಗುತ್ತದೆ.

ಗಿಡ್ಡ ಶಾಕ್ ಹಾಕಿ ಗಾಡಿಯನ್ನು ತಗ್ಗಿಸುವುದನ್ನು ನಾನು ಮಾಡಿಕೊಡುವುದಿಲ್ಲ. ಸೂಪರ್ ಮೀಟಿಯರ್‌ಗೆ ನೆಲದಿಂದ ಇರುವ ಎತ್ತರವೇ 135 ಮಿಲಿಮೀಟರ್. ಅದನ್ನೂ ಕಡಿಮೆ ಮಾಡಿಕೊಂಡು ನಮ್ಮ ಹಳ್ಳಿಗಳ ಮೇಲೆ ಹೋಗಲು ಆಗದು. ಶಾಕ್ ಕೂರಲಿಲ್ಲವೆಂದು ಚಾಸಿಗೆ ಹೊಸ ಕೊಂಡಿ ವೆಲ್ಡ್ ಮಾಡಿಸುವುದಂತೂ ಬೇಡವೇ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ್ದಕ್ಕೂ ನೋಂದಣಿಯಲ್ಲಿರುವುದಕ್ಕೂ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕಾನೂನು ಬದಿಗಿಟ್ಟರೂ, ಕಾಯಿಸಿದ ಚಾಸಿ ಎಲ್ಲಿ ಯಾವಾಗ ಬಿರಿಯುತ್ತದೆ ಎಂದು ಯಾರೂ ಹೇಳಲಾರರು.

9. ಕಟ್ಟುವಾಗ

ಒಂದು ಬದಿ ಮುಗಿಸಿ ಇನ್ನೊಂದು ಬದಿ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಸ್ವಿಂಗ್ ಆರ್ಮ್ ಜೋತುಬಿದ್ದು ಬ್ರೇಕಿನ ಪೈಪಿಗೆ ಜಗ್ಗುತ್ತದೆ. ಹಳೆ ಬೋಲ್ಟಿನ ದಪ್ಪಕ್ಕೂ ಹೊಸ ಶಾಕಿನ ಕಣ್ಣಿನ ತೂತಿಗೂ ಸಡಿಲ ಇರಬಾರದು. ಇದ್ದರೆ ಲೇತಿನಲ್ಲಿ ಸರಿಯಾದ ಸ್ಟೀಲ್ ಬುಷ್ ತಿರುಗಿಸಿಕೊಳ್ಳಿ, ತಗಡು ಸುತ್ತಿ ತುರುಕಬೇಡಿ. ವಾಷರ್ ಯಾವ ಬದಿಯಲ್ಲಿತ್ತೋ ಆ ಬದಿಗೇ ಹೋಗಲಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹಿಡಿದಿಟ್ಟುಕೊಂಡರೆ ಸಾಕು. ಕಣ್ಣಿನೊಳಗೆ ರಬ್ಬರ್ ಬುಷ್ ಇರುವ ಶಾಕಾದರೆ ಮೊದಲು ನಟ್ಟನ್ನು ಕೈಬಿಗಿ ಮಾಡಿ, ಗಾಡಿಯನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಿ. ಗಾಲಿ ತೂಗಾಡುವಾಗಲೇ ಬಿಗಿದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಿಗಿ ಎಷ್ಟು ಎಂಬುದು ಗಾಡಿಯ ಪುಸ್ತಕದಲ್ಲಿದೆ, ಟಾರ್ಕ್ ಸ್ಪ್ಯಾನರಿನಿಂದ ಅಷ್ಟೇ ಕೊಡಿ.

ಆಮೇಲೆ ಇಬ್ಬರು ದಪ್ಪನೆಯವರನ್ನು ಕೂರಿಸಿ ಕುಪ್ಪಳಿಸಲು ಹೇಳಿ. ಡಬ್ಬಿ ಸೈಲೆನ್ಸರಿಗೆ ತಾಗುತ್ತದಾ, ಸ್ಪ್ರಿಂಗ್ ಚೈನಿನ ಗಾರ್ಡಿಗೆ ಉಜ್ಜುತ್ತದಾ, ಪಕ್ಕದ ಚೀಲದ ಕಂಬಿ ಅಡ್ಡ ಬರುತ್ತದಾ ಎಂದು ಬಗ್ಗಿ ನೋಡಿ. ಚೈನು ಮತ್ತೆ ಹೊಂದಿಸಿ. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತಿದೆ ಎಂದು ರಾತ್ರಿ ಗೋಡೆಗೆ ಹಾಯಿಸಿ ನೋಡಿ. ಹಿಂಭಾಗ ಎದ್ದರೆ ಬೆಳಕು ತಗ್ಗುತ್ತದೆ.

10. ಒಂದೇ ದಾರಿ, ಒಂದೇ ಬದಲಾವಣೆ

ತಡೆ ಹೊಂದಿಸುವ ಗುಂಡಿ ಇರುವ ಶಾಕಾದರೆ ನಡುವಿನ ಹಂತದಿಂದ ಶುರು ಮಾಡಿ. ಹಿರಿಯೂರಿನಿಂದ ಅಣೆಕಟ್ಟೆಗೆ ಸುಮಾರು 20 ಕಿಲೋಮೀಟರ್. ನೇರ ರಸ್ತೆ, ಊರೊಳಗಿನ ಹಂಪ್ಸ್, ಕಣಿವೆ ಹತ್ತಿರದ ತಿರುವು ಎಲ್ಲವೂ ಅಷ್ಟರಲ್ಲೇ ಸಿಗುತ್ತವೆ. ಪರೀಕ್ಷೆಗೆ ನಾನು ಇದೇ ದಾರಿ ಹಿಡಿಯುತ್ತೇನೆ. ನಿಮ್ಮೂರಲ್ಲಿ ನಿಮಗೊಂದು ದಾರಿ ಇರಲಿ. ಅದೇ ಗಾಳಿ, ಅದೇ ವೇಗ, ಅದೇ ಹಂಪ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಚೀಟಿಯಲ್ಲಿ ಬರೆದಿಡಿ. ಕಾಲರ್, ಗುಂಡಿ, ಗಾಳಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ತಿಳಿಯುವುದಿಲ್ಲ. ಹಿಂದೆ ಕೂರುವವರನ್ನು ಕರೆದುಕೊಂಡೂ ಒಂದು ಸುತ್ತು ಹೋಗಿ. ಅವರು ಬೇಡ ಅಂದದ್ದನ್ನು ಬದಲಿಸಿ.

ಹೊಸ ಸೀಲುಗಳು ಮೊದಲ ಕೆಲವು ನೂರು ಕಿಲೋಮೀಟರ್ ಬಿಗಿಯಾಗಿರುತ್ತವೆ. 500 ಕಿಲೋಮೀಟರ್ ಆದ ಮೇಲೆ ಬೋಲ್ಟಿನ ಬಿಗಿಯನ್ನೂ ಮೂರು ಅಳತೆಯನ್ನೂ ಮತ್ತೊಮ್ಮೆ ನೋಡಿ.

11. ಧೂಳು

ಹಳೆ ಬುಲೆಟ್ಟಿನ ಶಾಕಿಗೆ ಮೇಲಿನಿಂದ ತಗಡಿನ ಮುಚ್ಚಳ ಇರುತ್ತಿತ್ತು. ಈಗಿನವು ಬೆತ್ತಲೆ, ಹೊಳೆಯುವ ರಾಡು ರಸ್ತೆಗೆ ಮುಖ ಮಾಡಿ ನಿಂತಿರುತ್ತದೆ. ಹೊಳಲ್ಕೆರೆ ಕಡೆಯ ಅದಿರಿನ ಕೆಂಪು ಧೂಳು, ಮಳೆಗಾಲದಲ್ಲಿ ಎರೆ ಹೊಲದ ಕಪ್ಪು ಮಣ್ಣು ರಾಡಿನ ಮೇಲೆ ಅಂಟಿ ಒಣಗಿದರೆ ಪ್ರತಿ ಏಟಿಗೂ ಸೀಲಿನ ತುಟಿಯನ್ನು ಕೆರೆಯುತ್ತದೆ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಸೀಲಿನ ಮೇಲೆ ನೇರ ಬಿಡಲು ಬಿಡಬೇಡಿ. ಗಾಳಿ ಗಿರಣಿಗಳ ಗುಡ್ಡದ ಮಣ್ಣು ದಾರಿ ಹತ್ತಿ ಬಂದ ದಿನವಂತೂ ಒರೆಸದೆ ಮಲಗಬೇಡಿ.

12. ಬಿಚ್ಚಿದ ಶಾಕ್ ಏನು ಮಾಡಬೇಕು

ಕಂಪನಿಯ ಶಾಕ್ ಇನ್ನೂ ಗಟ್ಟಿಯಾಗಿದ್ದರೆ ಒರೆಸಿ, ಯಾವ ಗಾಡಿಯದು, ಎಷ್ಟು ಕಿಲೋಮೀಟರ್ ಓಡಿದೆ ಎಂದು ಚೀಟಿ ಅಂಟಿಸಿ, ನೆಟ್ಟಗೆ ನಿಲ್ಲಿಸಿ ಇಡಿ. ಗಾಡಿ ಮಾರುವಾಗ, ವಾರಂಟಿಯ ಮಾತು ಬಂದಾಗ, ಹೊಸದರ ಸೀಲ್ ಬದಲಿಸಲು ಕಳಿಸಿದಾಗ ಅದು ಬೇಕಾಗುತ್ತದೆ.

ಕೆಟ್ಟದ್ದನ್ನು ಗುಜರಿಗೆ ಹಾಕುವಾಗ ಎಚ್ಚರ. ಗ್ಯಾಸ್ ತುಂಬಿದ ಶಾಕಿನೊಳಗೆ ಟೈರಿನ ಗಾಳಿಗಿಂತ ಹಲವು ಪಟ್ಟು ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ. ಎಣ್ಣೆ ಸೋರಿ ಹೋಗಿದ್ದರೂ ಅದು ಒಳಗೇ ಇರಬಹುದು. ಗುಜರಿಯ ಹುಡುಗರು ಕಬ್ಬಿಣ, ಅಲ್ಯೂಮಿನಿಯಂ ಬೇರೆ ಮಾಡಲು ಗ್ಯಾಸ್ ಕಟರ್ ಹಿಡಿದರೆ ಶಾಕ್ ಸಿಡಿಯಬಹುದು. ಹೊರಗೆ ವಾಲ್ವ್ ಇದ್ದರೆ ಕನ್ನಡಕ ಹಾಕಿಕೊಂಡು, ಮುಖ ದೂರವಿಟ್ಟು ಗ್ಯಾಸನ್ನು ಪೂರ್ತಿ ಬಿಡಿ. ವಾಲ್ವ್ ಇಲ್ಲದ್ದಾದರೆ ಶಾಕ್ ಬಿಚ್ಚಿ ಕಟ್ಟುವ ಕೆಲಸ ಬಲ್ಲವರ ಕೈಗೆ ಕೊಡಿ. ಅದೂ ಆಗದಿದ್ದರೆ ಶಾಕಿನ ಮೇಲೆ "ಗ್ಯಾಸ್ ಇದೆ, ಕತ್ತರಿಸಬೇಡಿ, ಕಾಯಿಸಬೇಡಿ" ಎಂದು ದಪ್ಪ ಅಕ್ಷರದಲ್ಲಿ ಪೇಂಟಿನಿಂದ ಬರೆದು, ಗುಜರಿಯವರಿಗೆ ಬಾಯಲ್ಲೂ ಹೇಳಿ ಕೊಡಿ.